ಮುಖ ನೋಡಿ ಅಂದಾಜು ಬೇಡ, ಎಲ್ಲರನ್ನೂ ಕೇಳಿ

(ಮುಂಬಯಿಯಲ್ಲಿ ಹೋಟೆಲ್ ಮತ್ತು ಪರ್ಮಿಟ್ ರೂಮ್, ಅಂದರೆ ಬಾರ್, ನಡೆಸುವ ಕನ್ನಡಿಗರು, ಅಲ್ಲಿ ಕೆಲಸ ಮಾಡುವವರು, ಅವರ ಮನೆಯವರು ಸೇರಿದ್ದ ಸಭೆಯಲ್ಲಿ ಸರ್ವಿಸ್ ಸಿಬ್ಬಂದಿಗೆ ತರಬೇತಿ ಕೊಡುವ ಶಿಕ್ಷಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ನಮ್ಮ ಮಹಾರಾಷ್ಟ್ರದಲ್ಲಿ ಮೈಲ್ಡ್ ಬಿಯರ್ ಕುಡಿಯುವುದಕ್ಕೆ 21 ವರ್ಷ ತುಂಬಿರಬೇಕು. ವಿಸ್ಕಿ, ರಮ್, ವೋಡ್ಕಾ ಥರದ ಹಾರ್ಡ್ ಲಿಕ್ಕರ್‌ಗೆ 25. ಇಲ್ಲಿರುವ ಕ್ಯಾಪ್ಟನ್‌ಗಳಿಗೆ, ಅಂದರೆ ವೇಟರ್‌ಗಳ ಮೇಲ್ವಿಚಾರಕರಿಗೆ, ಇದು ಗೊತ್ತಿರುವ ಮಾತೇ. ಆದರೂ ಇಲ್ಲಿಂದಲೇ ಶುರು ಮಾಡುತ್ತೇನೆ. ಯಾಕೆಂದರೆ ಹಿಂದಿನ ಸಾಲಿನಲ್ಲಿ ಕೂತಿರುವ ಹುಡುಗ ಹುಡುಗಿಯರಲ್ಲಿ ತುಂಬಾ ಜನ 18 ಆದರೆ ಸಾಕು ಅಂದುಕೊಂಡಿರುತ್ತೀರಿ. ಹಾಗೆ ಅಂದುಕೊಳ್ಳುವುದು ಸಹಜವೇ. 18ಕ್ಕೆ ವೋಟು ಹಾಕುತ್ತೀರಿ, ಡ್ರೈವಿಂಗ್ ಲೈಸೆನ್ಸ್ ಸಿಗುತ್ತದೆ, ನಿಮ್ಮ ಸಹಿಗೆ ಬೆಲೆ ಬರುತ್ತದೆ. ಆದರೆ ಇಲ್ಲಿ ಒಂದು ಪೆಗ್ ವಿಸ್ಕಿ ಕೇಳಬೇಕಾದರೆ ಲೋಕಸಭೆ ಚುನಾವಣೆಗೆ ನಿಲ್ಲುವಷ್ಟು ವಯಸ್ಸಾಗಿರಬೇಕು.

ಈ 25 ಸರಿಯಾ ಅನ್ನುವ ಜಗಳ ಹಳೆಯದು. 2011ರಲ್ಲಿ ನಟ ಇಮ್ರಾನ್ ಖಾನ್ ಇದನ್ನು ಪ್ರಶ್ನಿಸಿ ಬಾಂಬೆ ಹೈಕೋರ್ಟಿಗೆ ಹೋಗಿದ್ದರು. ಪಕ್ಕದ ಗೋವಾದಲ್ಲಿ 21 ಆದರೆ ಸಾಕು. ಕೇರಳದಲ್ಲಿ 23, ದೆಹಲಿಯಲ್ಲಿ ನಮ್ಮ ಹಾಗೆ 25, ಗುಜರಾತಿನಲ್ಲಿ ಪಾನನಿಷೇಧ. ಶನಿವಾರ ಪಣಜಿಯಲ್ಲಿ ಕೂತು ಯಾರ ಭಯವೂ ಇಲ್ಲದೆ ಫೆನಿ ಕುಡಿದ 22ರ ಹುಡುಗ ಸೋಮವಾರ ದಾದರ್‌ನಲ್ಲಿ ರಮ್ ಕೇಳಿದರೆ ಕೊಡುವ ಹಾಗಿಲ್ಲ. ಅವನಿಗೆ ಗೊಂದಲ ಆಗುತ್ತದೆ, ಸಿಟ್ಟೂ ಬರುತ್ತದೆ. ಅದು ಕಳ್ಳನ ಸಿಟ್ಟಲ್ಲ ಅನ್ನುವುದು ನಮಗೆ ನೆನಪಿರಬೇಕು. ಕಾನೂನು ಬದಲಾಗಬೇಕಾ ಬೇಡವಾ ಅನ್ನುವುದನ್ನು ಇವತ್ತು ನಾನು ಎತ್ತುವುದಿಲ್ಲ. ಇರುವ ಕಾನೂನನ್ನು ನಾವು ಯಾರ ಮೇಲೆ, ಹೇಗೆ ಹೇರುತ್ತಿದ್ದೇವೆ ಅನ್ನುವುದಷ್ಟೇ ನನ್ನ ಮಾತು. ವಯಸ್ಸಿನ ಪುರಾವೆಯನ್ನು ಮುಖ ನೋಡಿ ಕೆಲವರನ್ನಷ್ಟೇ ಕೇಳಬೇಡಿ, ಎಲ್ಲರನ್ನೂ ಕೇಳಿ.

ಮೊದಲು ಮುಖದ ವಿಷಯ. 15ರ ಹುಡುಗನನ್ನೂ 30ರ ಗಂಡಸನ್ನೂ ಯಾರು ಬೇಕಾದರೂ ಬೇರೆ ಮಾಡಿ ಹೇಳುತ್ತಾರೆ. 24ಕ್ಕೂ 26ಕ್ಕೂ ಇರುವ ವ್ಯತ್ಯಾಸವನ್ನು ಮುಖ ನೋಡಿ ಹೇಳಿ ನೋಡೋಣ. ಆಗುವುದಿಲ್ಲ. ಡಾಕ್ಟರಿಗೂ ಆಗುವುದಿಲ್ಲ. ಮಿತಿ 18 ಇರುವ ಕಡೆ ಮುಖದಲ್ಲಿ ಎಳೆತನ ಸ್ವಲ್ಪವಾದರೂ ಸುಳಿವು ಕೊಡುತ್ತದೆ. ಮಿತಿ 25 ಇರುವ ಕಡೆ ಮುಖ ಏನೂ ಹೇಳುವುದಿಲ್ಲ. ಬೆಳೆಯುವುದು ಮುಗಿದಿದೆ, ಮುಪ್ಪು ಶುರುವಾಗಿಲ್ಲ. 20ರಿಂದ 35ರವರೆಗೆ ಎಷ್ಟೋ ಜನ ಹೆಚ್ಚುಕಡಿಮೆ ಒಂದೇ ಥರ ಕಾಣುತ್ತಾರೆ. ಅಂದರೆ ನಮ್ಮ ರಾಜ್ಯದಲ್ಲಿ "ಚಿಕ್ಕವರ ಹಾಗೆ ಕಾಣುವ ದೊಡ್ಡವರು" ಎಲ್ಲೋ ಒಬ್ಬರು ಇಬ್ಬರಲ್ಲ. ಸಂಜೆ ಏಳರ ಮೇಲೆ ನಿಮ್ಮ ಬಾಗಿಲು ದಾಟುವವರಲ್ಲಿ ಅವರೇ ಜಾಸ್ತಿ.

ಇನ್ನೊಂದು ಇದೆ. ನಾವು ನಮ್ಮದೇ ವಯಸ್ಸಿನವರ, ದಿನಾ ನೋಡುವ ಥರದ ಮುಖಗಳನ್ನು ಚೆನ್ನಾಗಿ ಅಂದಾಜು ಮಾಡುತ್ತೇವೆ. ಬೇರೆ ವಯಸ್ಸಿನವರ, ಬೇರೆ ಕಡೆಯವರ ಮುಖ ಬಂದರೆ ತಪ್ಪುತ್ತೇವೆ. ಇದನ್ನು ಅಧ್ಯಯನ ಮಾಡಿದವರೂ ಹೀಗೇ ಹೇಳುತ್ತಾರೆ. ಮಣಿಪುರದಿಂದಲೋ ಮಿಜೋರಾಂನಿಂದಲೋ ಬಂದು ಈ ಊರಲ್ಲಿ ದುಡಿಯುವ 30 ದಾಟಿದ ಗಂಡಸಿನ ಹತ್ತಿರ ನಮ್ಮ ಹುಡುಗರು ಮತ್ತೆ ಮತ್ತೆ ಕಾರ್ಡು ಕೇಳುವುದನ್ನು ನಾನು ನೋಡಿದ್ದೇನೆ. ಅದೇ ಟೇಬಲ್ಲಿನಲ್ಲಿ ಕೂತ ಅವನ ನಾಸಿಕ್ ಕಡೆಯ ಗೆಳೆಯನನ್ನು ಕೇಳುವುದಿಲ್ಲ. ಕೇಳಿದ ಹುಡುಗನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರುವುದಿಲ್ಲ, ನಿಜ. ಆದರೆ ಕೇಳಿಸಿಕೊಂಡವನಿಗೆ ತಾಗುವುದು ಬೇರೆ ಥರ. ರೈಲಿನಲ್ಲಿ, ಬಾಡಿಗೆ ಮನೆ ಹುಡುಕುವಾಗ, ಎಲ್ಲಾ ಕಡೆ "ನೀನು ಎಲ್ಲಿಯವನು" ಅಂತ ಕೇಳಿಸಿಕೊಂಡು ಬಂದವನು ಅವನು.

ಹಾಗಾದರೆ ನಮ್ಮ ಹುಡುಗರು ಏನು ನೋಡಿ ಬಿಡುತ್ತಾರೆ? ತರಬೇತಿಯಲ್ಲಿ ಇದನ್ನು ಕೇಳಿದಾಗಲೆಲ್ಲ ಉತ್ತರ ಹೆಚ್ಚುಕಡಿಮೆ ಒಂದೇ. ಗಡ್ಡ ಇದ್ದರೆ ಬಿಡುತ್ತಾರೆ. ಹೆಂಗಸಿನ ಕೊರಳಲ್ಲಿ ಕರಿಮಣಿ ಕಂಡರೆ ಬಿಡುತ್ತಾರೆ. ಆಫೀಸಿನ ಟ್ಯಾಗ್ ನೇತಾಡುತ್ತಿದ್ದರೆ ಬಿಡುತ್ತಾರೆ. ಟೇಬಲ್ ಮೇಲೆ ದೊಡ್ಡ ಕಾರಿನ ಕೀ ಇಟ್ಟರೆ, ಇಂಗ್ಲಿಷಿನಲ್ಲಿ ಗತ್ತಿನಿಂದ ಆರ್ಡರ್ ಮಾಡಿದರೆ ಕೇಳುವ ಧೈರ್ಯವೇ ಬರುವುದಿಲ್ಲ. ಇದರಲ್ಲಿ ಯಾವುದೂ ವಯಸ್ಸಲ್ಲ. 20ಕ್ಕೆ ಗಡ್ಡ ಬರುತ್ತದೆ. 21ಕ್ಕೆ ಮದುವೆಯಾದ ಹುಡುಗಿಯ ಕೊರಳಲ್ಲೂ ಕರಿಮಣಿ ಇರುತ್ತದೆ. ಕಾರಿನ ಕೀ ಯಾರ ಕೈಯಲ್ಲಿ ಬೇಕಾದರೂ ಇರಬಹುದು. ಪುಣೆಯಲ್ಲಿ ಆದದ್ದು ಅದೇ ಅಲ್ವಾ?

2024ರ ಮೇ 19, ಕಲ್ಯಾಣಿ ನಗರ. 17 ವರ್ಷದ ಹುಡುಗ ಓಡಿಸುತ್ತಿದ್ದ ಪೋರ್ಷೆ ಕಾರು ಬೈಕಿಗೆ ಗುದ್ದಿ ಇಬ್ಬರು ಸಾಫ್ಟ್‌ವೇರ್ ಇಂಜಿನಿಯರ್‌ಗಳು ಸತ್ತರು. ಒಬ್ಬ ಹುಡುಗ, ಒಬ್ಬಳು ಹುಡುಗಿ, ಇಬ್ಬರಿಗೂ 24. ಡಿಕ್ಕಿಗೆ ಮುಂಚೆ ಆ ಹುಡುಗ ಗೆಳೆಯರ ಜೊತೆ ಎರಡು ಕಡೆ ಕೂತಿದ್ದ, ಮೊದಲನೆಯ ಕಡೆಯಲ್ಲೇ ಬಿಲ್ 48,000 ರೂಪಾಯಿ ಆಗಿತ್ತು ಅಂತ ಪೊಲೀಸರು ಹೇಳಿದರು. ಕೇಸು ನಡೆಯುತ್ತಿದೆ, ಅದರ ಒಳಗೆ ನಾನು ಹೋಗುವುದಿಲ್ಲ. ಆದರೆ 48,000ದ ಬಿಲ್ ಅಂದರೆ ಏನು ಅಂತ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಟೇಬಲ್ಲಿಗೆ ಕ್ಯಾಪ್ಟನ್ ಎಷ್ಟು ಸಲ ಹೋಗಿರಬೇಕು, ಎಷ್ಟು ಜನ ಆ ಮುಖಗಳನ್ನು ಹತ್ತಿರದಿಂದ ನೋಡಿರಬೇಕು. ಆಮೇಲೆ ಮಾಲೀಕರು, ಮ್ಯಾನೇಜರ್‌ಗಳು ಅರೆಸ್ಟ್ ಆದರು. ಬಾರುಗಳಿಗೆ ಬೀಗ ಬಿತ್ತು.

ಅದಾಗಿ ಎರಡು ತಿಂಗಳು ಕಳೆದಿರಲಿಲ್ಲ, ಜುಲೈನಲ್ಲಿ ನಮ್ಮ ವರ್ಲಿಯಲ್ಲಿ ಬಿಎಂಡಬ್ಲ್ಯು ಕಾರು ಗುದ್ದಿ ಸ್ಕೂಟರಿನಲ್ಲಿದ್ದ ಹೆಂಗಸು ತೀರಿಕೊಂಡರು. ಬೆಳಗಿನ ಜಾವ, ಗಂಡನ ಜೊತೆ ಮೀನು ತೆಗೆದುಕೊಂಡು ಹೊರಟಿದ್ದವರು. ಆರೋಪಿಗೆ 25 ತುಂಬಿರಲಿಲ್ಲ, ಆದರೂ ಜುಹುವಿನ ಬಾರಿನಲ್ಲಿ ಹಾರ್ಡ್ ಲಿಕ್ಕರ್ ಕೊಟ್ಟಿದ್ದಾರೆ ಅಂತ ಹೇಳಿ ಎಕ್ಸೈಸ್‌ನವರು ಆ ಬಾರಿಗೂ ಬೀಗ ಹಾಕಿದರು. ಅದೇ ವರ್ಷ ನವೆಂಬರಿನಲ್ಲಿ, ಮದ್ಯ ಮಾರುವ ಎಲ್ಲಾ ಕಡೆ ವಯಸ್ಸು ಪರೀಕ್ಷಿಸುವ ಗಟ್ಟಿ ವ್ಯವಸ್ಥೆ ಬೇಕು ಅನ್ನುವ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ ಕೇಂದ್ರ ಸರ್ಕಾರದ ಉತ್ತರ ಕೇಳಿತು.

ಇದೆಲ್ಲ ಆದಮೇಲೆ ನಮ್ಮವರು ಹೆದರಿದರು. ಹೆದರಲೇಬೇಕಾದ ವಿಷಯ. ಆದರೆ ಹೆದರಿಕೆ ಎಲ್ಲಿಗೆ ಹೋಗಿ ಇಳಿಯಿತು ನೋಡಿ. ಕಾರಿನ ಕೀ ಇಟ್ಟವನ ಹತ್ತಿರ ಕೇಳುವುದಕ್ಕೆ ಈಗಲೂ ಬಾಯಿ ಬರುವುದಿಲ್ಲ. ಸಣ್ಣ ಮೈಯವಳು, ಕುಳ್ಳಗಿರುವವನು, ಮೀಸೆ ಚಿಗುರದವನು, ಚಪ್ಪಲಿ ಹಾಕಿಕೊಂಡು ಬಂದವನು, ಇವರನ್ನು ಮಾತ್ರ ಕೇಳುತ್ತೇವೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ನನ್ನ ತಂಗಿಗೆ 33. ಪುಣೆಯಲ್ಲಿ ಕೆಲಸ, ಒಂದು ಟೀಮನ್ನು ನೋಡಿಕೊಳ್ಳುತ್ತಾಳೆ. ಐದಡಿಗಿಂತ ಕಮ್ಮಿ ಎತ್ತರ, ದುಂಡು ಮುಖ. ಆಫೀಸಿನವರ ಜೊತೆ ಊಟಕ್ಕೆ ಹೋದಾಗ ಇಡೀ ಟೇಬಲ್ಲಿನಲ್ಲಿ ಅವಳೊಬ್ಬಳನ್ನೇ ಪ್ರೂಫ್ ಕೇಳಿದರು. ಅವಳ ಕೈಕೆಳಗಿನ ಹುಡುಗರು, ಅವರಲ್ಲಿ ಇನ್ನೂ 25 ಆಗದವರೂ ಇದ್ದರು, ಅಷ್ಟು ಹೊತ್ತಿಗೆ ಆರ್ಡರ್ ಮಾಡಿ ಆಗಿತ್ತು. ಅವಳು ಆಧಾರ್ ಕಾರ್ಡ್ ಕೊಟ್ಟಳು. ವೇಟರ್ ಹುಡುಗ ಅದನ್ನು ಅಲ್ಲೇ ನೋಡಿ ವಾಪಸ್ ಕೊಡಬಹುದಿತ್ತು. ಅವನು ಕ್ಯಾಪ್ಟನ್‌ಗೆ ಕೊಟ್ಟ. ಕ್ಯಾಪ್ಟನ್ ಗಲ್ಲಾಕ್ಕೆ ತೆಗೆದುಕೊಂಡು ಹೋದರು. ಊಟ ಮುಗಿಯುವವರೆಗೆ ಆ ಕಾರ್ಡು, ಮನೆ ವಿಳಾಸ ಇರುವ ಹಿಂಬದಿ ಮೇಲಾಗಿ, ಬಡೀಸೋಪಿನ ಬಟ್ಟಲ ಪಕ್ಕ ಬಿದ್ದಿತ್ತು. ಬಿಲ್ಲು ಕೊಡಲು ಬಂದವರೆಲ್ಲ ನೋಡುವ ಹಾಗೆ. ಅವಳು ವೈನ್ ತರಿಸಲಿಲ್ಲ. ನಿಂಬೆ ಸೋಡಾ ಕುಡಿದು ಎದ್ದು ಬಂದಳು. ಆ ಮೇಲೆ ಆಫೀಸಿನವರ ಜೊತೆ ಹೊರಗೆ ಊಟಕ್ಕೆ ಅಂದರೆ ಏನಾದರೂ ನೆಪ ಹೇಳುತ್ತಾಳೆ.

"ಚಿಕ್ಕವಳ ಹಾಗೆ ಕಾಣುತ್ತೀಯಾ ಅಂದರೆ ಖುಷಿಪಡಬೇಕು" ಅಂತ ಅವಳಿಗೆ ಹೇಳಿದವರಿದ್ದಾರೆ. ನಿಮ್ಮಲ್ಲೂ ಯಾರಾದರೂ ಹಾಗೆ ಹೇಳಿರಬಹುದು. ದಯವಿಟ್ಟು ಹೇಳಬೇಡಿ. ಮೀಟಿಂಗಿನಲ್ಲಿ ಅವಳ ಮಾತನ್ನು ಅರ್ಧಕ್ಕೆ ತುಂಡರಿಸುತ್ತಾರೆ, ಬ್ಯಾಂಕಿನಲ್ಲಿ "ಮನೆಯಲ್ಲಿ ದೊಡ್ಡವರು ಯಾರಿದ್ದಾರೆ" ಅಂತ ಕೇಳುತ್ತಾರೆ. ಅದೆಲ್ಲ ಸಾಲದು ಅಂತ ಅವಳ ಕೈಕೆಳಗಿನವರ ಎದುರಿಗೆ ಅವಳ ವಯಸ್ಸಿನ ವಿಚಾರಣೆ. ಒಂದು ಸಲ ಕೇಳಿಸಿಕೊಂಡವರಿಗೆ ಅದು ತಮಾಷೆ. ಹೋದಲ್ಲೆಲ್ಲ ಕೇಳಿಸಿಕೊಳ್ಳುವವರಿಗೆ ಅಲ್ಲ.

ಇಲ್ಲಿ ಹಿಂದಿನ ಸಾಲಿನವರಿಗೆ ಒಂದು ಮಾತು. ನಿಮ್ಮನ್ನು ಕೇಳಿದ ಹುಡುಗನ ಮೇಲೆ ರೇಗಬೇಡಿ. ಅವನು ಕುಂದಾಪುರದಿಂದಲೋ ಕಾರ್ಕಳದಿಂದಲೋ ಬೆಳಗಾವಿಯಿಂದಲೋ ಬಂದಿರುತ್ತಾನೆ, ಎಷ್ಟೋ ಸಲ ಅವನಿಗೇ 22 ಇರುತ್ತದೆ. ತಾನು ಕುಡಿಯುವ ಹಾಗಿಲ್ಲದ ಪೆಗ್ಗನ್ನು ಅಳೆದು ತಂದು ನಿಮ್ಮ ಮುಂದೆ ಇಡುತ್ತಾನೆ. ಹಿಂದೆ ದೆಹಲಿಗೆ ಅನ್ವಯವಾಗುತ್ತಿದ್ದ ಪಂಜಾಬ್ ಅಬಕಾರಿ ಕಾಯ್ದೆಯಲ್ಲಿ, ಮದ್ಯ ಕುಡಿಯುವ ಜಾಗದಲ್ಲಿ 25 ಆಗದ ಗಂಡಸರನ್ನೂ, ಯಾವುದೇ ವಯಸ್ಸಿನ ಹೆಂಗಸರನ್ನೂ ಕೆಲಸಕ್ಕೆ ಇಟ್ಟುಕೊಳ್ಳಬಾರದು ಅಂತ ಇತ್ತು. ಹೆಂಗಸರ ಮೇಲಿನ ಆ ನಿರ್ಬಂಧ ಸುಪ್ರೀಂ ಕೋರ್ಟಿನಲ್ಲಿ ಬಿದ್ದುಹೋಯಿತು, 2007ರಲ್ಲಿ. ಕಾಪಾಡುತ್ತೇವೆ ಅನ್ನುವ ಹೆಸರಿನಲ್ಲಿ ಅವರ ದುಡಿಯುವ ಹಕ್ಕನ್ನೇ ಕಿತ್ತುಕೊಳ್ಳುವ ಹಾಗಿಲ್ಲ ಅನ್ನುವುದು ಆ ತೀರ್ಪಿನ ತಿರುಳು. ಅದರಿಂದಾಗಿ ದೆಹಲಿಯಲ್ಲಿ ಬಾರ್ ಕೌಂಟರಿನ ಹಿಂದೆ ನಿಲ್ಲುವ ದಾರಿ ಹೆಣ್ಣುಮಕ್ಕಳಿಗೂ ತೆರೆಯಿತು. ವಿಷಯ ಸ್ವಲ್ಪ ಪಕ್ಕಕ್ಕೆ ಹೋಯಿತು, ಆದರೆ ಕಾಪಾಡುವುದು ಬೇರೆ, ಅನುಮಾನದಿಂದ ನೋಡುವುದು ಬೇರೆ ಅನ್ನುವ ಆ ಗೆರೆ ನಮಗೂ ಬೇಕು.

ಈಗ ನಮ್ಮದೇ ರಾಜ್ಯದ ಒಂದು ಹಳೆಯ ಕಾಗದದ ಕಡೆ ಬರೋಣ. ನಿಮ್ಮ ಬೋರ್ಡಿನ ಮೇಲೆ "ಪರ್ಮಿಟ್ ರೂಮ್" ಅಂತ ಯಾಕೆ ಇದೆ? ಆಗಿನ ಬಾಂಬೆ ರಾಜ್ಯದ 1949ರ ಪಾನನಿಷೇಧ ಕಾಯ್ದೆ ಈಗಲೂ ಜಾರಿಯಲ್ಲಿದೆ. ಅದರ ಪ್ರಕಾರ ಇಲ್ಲಿ ಕುಡಿಯುವುದೇ ನಿಷಿದ್ಧ, ಪರ್ಮಿಟ್ ಇದ್ದವರಿಗೆ ಮಾತ್ರ ವಿನಾಯಿತಿ. ಮೊರಾರ್ಜಿ ದೇಸಾಯಿ ಕಾಲದ ಬಿಗಿ 60, 70ರ ದಶಕದಲ್ಲಿ ಸಡಿಲಾಯಿತು, ಇಡ್ಲಿ ದೋಸೆಯ ಹೋಟೆಲ್ ನಡೆಸುತ್ತಿದ್ದ ನಮ್ಮ ಎಷ್ಟೋ ಜನ ಪರ್ಮಿಟ್ ರೂಮಿನ ವ್ಯವಹಾರಕ್ಕೆ ಇಳಿದರು. ಈ ಸಭೆಯಲ್ಲಿ ಕೂತಿರುವ ಎಷ್ಟೋ ಮನೆಗಳ ಕಥೆ ಇದೇ. ಪರ್ಮಿಟ್ ಈಗಲೂ ಸಿಗುತ್ತದೆ. ವಿದೇಶಿ ಮದ್ಯಕ್ಕೆ, ಅಂದರೆ ವಿಸ್ಕಿ, ರಮ್ ಥರದ್ದಕ್ಕೆ, ಒಂದು ದಿನದ್ದು 5 ರೂಪಾಯಿ, ವರ್ಷದ್ದು 100, ಜೀವಮಾನದ್ದು 1,000. ಆರೋಗ್ಯ ಕಾಪಾಡಿಕೊಳ್ಳುವ ಸಲುವಾಗಿ ಕೊಡುವ ಪರ್ಮಿಟ್ ಅಂತಲೇ ಅದರ ಮೇಲೆ ಬರೆದಿರುತ್ತದೆ.

ವಯಸ್ಸಿನ ದಾಖಲೆ ತೋರಿಸಿಯೇ ವರ್ಷದ ಪರ್ಮಿಟ್, ಜೀವಮಾನದ ಪರ್ಮಿಟ್ ಮಾಡಿಸಬೇಕು. ಅಂದರೆ ವಯಸ್ಸು ತುಂಬಿದೆ ಅನ್ನುವ ಪುರಾವೆಯನ್ನು ಸರ್ಕಾರವೇ ಕೊಡುತ್ತಿದೆ. ಅದನ್ನು ಜೇಬಿನಲ್ಲಿ ಇಟ್ಟುಕೊಂಡವರು ಎಷ್ಟು ಜನ? ಒಂದು ದಿನದ ಪರ್ಮಿಟ್ ಪುಸ್ತಕವನ್ನು ಗಿರಾಕಿಗಳ ಬದಲು ಬಾರಿನವರೇ ಕೌಂಟರಿನಲ್ಲಿ ರಾತ್ರಿ ಕೂತು ತುಂಬುವ ಅಭ್ಯಾಸ ಎಲ್ಲರಿಗೂ ಗೊತ್ತಿದೆ, ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಹೋದಲ್ಲೆಲ್ಲ ವಯಸ್ಸು ಕೇಳಿಸಿಕೊಂಡು ಬೇಸತ್ತವರಿಗೆ ನನ್ನ ಸಲಹೆ: ಎಕ್ಸೈಸ್ ಇಲಾಖೆಯ ವೆಬ್‌ಸೈಟಿನಲ್ಲಿ ಅರ್ಜಿ ಹಾಕಿ ಪರ್ಮಿಟ್ ಮಾಡಿಸಿಕೊಳ್ಳಿ. ಮಾಲೀಕರಿಗೆ ನನ್ನ ಸಲಹೆ: ಪರ್ಮಿಟ್ ತೋರಿಸಿದವರ ಹತ್ತಿರ ಮತ್ತೆ ಆಧಾರ್ ಕೇಳಬೇಡಿ.

ಎಲ್ಲರನ್ನೂ ಕೇಳಿ ಅಂದೆ. "ತಲೆ ನೆರೆತ ಯಜಮಾನರನ್ನೂ ಕೇಳಬೇಕಾ" ಅಂತ ನೀವು ಕೇಳಬಹುದು. ಬೇಡ. ಬ್ರಿಟನ್ನಿನಲ್ಲಿ ಮದ್ಯ ಕೊಳ್ಳುವ ವಯಸ್ಸು 18. ಅಲ್ಲಿನ ಅಂಗಡಿಗಳಲ್ಲಿ "ಚಾಲೆಂಜ್ 25" ಅನ್ನುವ ಪದ್ಧತಿ ಇದೆ. 25ಕ್ಕಿಂತ ಚಿಕ್ಕವರ ಹಾಗೆ ಕಂಡ ಪ್ರತಿಯೊಬ್ಬರನ್ನೂ ಕೇಳುತ್ತಾರೆ. ಸ್ಕಾಟ್ಲೆಂಡಿನಲ್ಲಿ 2011ರ ಅಕ್ಟೋಬರಿನಿಂದ ಇಂಥ ಪದ್ಧತಿ ಕಡ್ಡಾಯ. ಕಾನೂನಿನ ವಯಸ್ಸಿಗೂ ಕೇಳುವ ವಯಸ್ಸಿಗೂ ನಡುವೆ ಅವರು ಏಳು ವರ್ಷ ಬಿಟ್ಟಿದ್ದಾರೆ. ಅಂದಾಜು ಐದಾರು ವರ್ಷ ತಪ್ಪಿದರೂ 17ರವನು ನುಸುಳಬಾರದು ಅಂತ. ನಮ್ಮ ಮಿತಿ 25 ಆದಾಗ ಅದೇ ಲೆಕ್ಕಕ್ಕೆ 32 ಆಗುತ್ತದೆ. ಆದರೆ 35ರವರೆಗೂ ಎಷ್ಟೋ ಜನ ಒಂದೇ ಥರ ಕಾಣುವುದರಿಂದ ನಾವು 35ರ ಹಾಗೆ ಕಾಣುವವರೆಗೂ ಕೇಳಬೇಕು. ಒಂದು ಟೇಬಲ್ಲಿನಲ್ಲಿ ಒಬ್ಬರನ್ನು ಕೇಳಿದರೆ ಆ ವಯಸ್ಸಿನ ಆಸುಪಾಸಿನ ಎಲ್ಲರನ್ನೂ ಕೇಳಬೇಕು. ಗಡ್ಡದವನನ್ನೂ, ಕೀ ಇಟ್ಟವನನ್ನೂ. ಇಷ್ಟು ಮಾಡಿದರೆ ನನ್ನ ತಂಗಿಗೆ ಅವಮಾನ ಆಗುತ್ತಿರಲಿಲ್ಲ. ಟೇಬಲ್ಲಿನ ಎಲ್ಲರೂ ಪರ್ಸು ತೆಗೆದಾಗ ಅವಳೂ ತೆಗೆಯುತ್ತಿದ್ದಳು, ಅಷ್ಟೇ.

ಕೇಳುವ ರೀತಿಯ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ನನ್ನ ಕೆಲಸವೇ ಇದು. ಆರ್ಡರ್ ತೆಗೆದುಕೊಂಡ ಮೇಲೆ ಕೇಳಬೇಡಿ. ನೀರು ಇಟ್ಟು, ಮೆನು ಕೊಡುವಾಗಲೇ ಕೇಳಿ. ಆರ್ಡರ್ ಆದಮೇಲೆ ಕೇಳಿದರೆ ಜನಕ್ಕೆ ಅದು ತಡೆದ ಹಾಗೆ ಅನಿಸುತ್ತದೆ. "ನಿಮಗೆ ವಯಸ್ಸೆಷ್ಟು" ಅಂತ ಕೇಳಲೇಬೇಡಿ, ಆ ಪ್ರಶ್ನೆಗೆ ಸುಳ್ಳೂ ಬರಬಹುದು, ಸಿಟ್ಟೂ ಬರಬಹುದು. "ಸರ್, ಮ್ಯಾಡಮ್, ನಮ್ಮಲ್ಲಿ ಡ್ರಿಂಕ್ಸ್‌ಗೆ ಎಲ್ಲರದ್ದೂ ಹುಟ್ಟಿದ ತಾರೀಖು ನೋಡುತ್ತೇವೆ, ಲೈಸೆನ್ಸ್ ಇದ್ದರೆ ತೋರಿಸಿ" ಅನ್ನಿ. ಇಡೀ ಟೇಬಲ್ಲನ್ನು ನೋಡಿ ಹೇಳಿ, ಒಬ್ಬರ ಮುಖ ನೋಡಿ ಅಲ್ಲ. ದನಿ ಪಕ್ಕದ ಟೇಬಲ್ಲಿಗೆ ಕೇಳಿಸಬಾರದು. ಕಾರ್ಡು ಅವರ ಕೈಯಲ್ಲೇ ಇರಲಿ. ನೀವು ಬಗ್ಗಿ ನೋಡಿ, ಥ್ಯಾಂಕ್ಸ್ ಹೇಳಿ, ಮುಂದಿನ ಕೆಲಸಕ್ಕೆ ಹೋಗಿ.

ನೋಡಬೇಕಾದದ್ದು ಎರಡೇ. ಫೋಟೋ ಮತ್ತು ತಾರೀಖು. ತಾರೀಖಿನಲ್ಲಿ ನಮ್ಮ ಹುಡುಗರು ಎಡವುವುದು ಲೆಕ್ಕದಲ್ಲಿ. 2000 ನವೆಂಬರ್ 20ರಂದು ಹುಟ್ಟಿದವನು 2025ರ ನವೆಂಬರ್ 5ರಂದು ಬಂದರೆ ವರ್ಷ ಮಾತ್ರ ಕಳೆದು 25 ಅಂತ ಬಿಟ್ಟುಬಿಡುತ್ತಾರೆ. ಇನ್ನೂ ಹದಿನೈದು ದಿನ ಇದೆ. ಗದ್ದಲದಲ್ಲಿ, ಕೈಯಲ್ಲಿ ಟ್ರೇ ಹಿಡಿದುಕೊಂಡು ಈ ಕಳೆಯುವ ಲೆಕ್ಕ ಆಗುವುದಿಲ್ಲ. ಅದಕ್ಕೆ ನಾನು ಒಂದು ಕೆಲಸ ಹೇಳಿಕೊಡುತ್ತೇನೆ. ದಿನಾ ಶಟರ್ ಎತ್ತಿದ ಕೂಡಲೇ ಕ್ಯಾಪ್ಟನ್ ಒಂದು ಸ್ಲೇಟಿನ ಮೇಲೆ ಎರಡು ತಾರೀಖು ಬರೆದು ಬಾರ್ ಕೌಂಟರಿನ ಹಿಂದೆ ನೇತುಹಾಕಲಿ. ಇವತ್ತಿಗೆ ಸರಿಯಾಗಿ 21 ವರ್ಷ ಹಿಂದಿನದು ಒಂದು, 25 ವರ್ಷ ಹಿಂದಿನದು ಒಂದು. ಕಾರ್ಡಿನ ತಾರೀಖು ಅದಕ್ಕಿಂತ ಮುಂಚಿನದಾ, ಆಮೇಲಿನದಾ ಅಂತ ನೋಡಿದರೆ ಮುಗಿಯಿತು. ಲೆಕ್ಕವೇ ಬೇಡ.

ಯಾವ ಕಾರ್ಡು? ಡ್ರೈವಿಂಗ್ ಲೈಸೆನ್ಸ್, ಪಾಸ್‌ಪೋರ್ಟ್ ಇದ್ದರೆ ಒಳ್ಳೆಯದು. ಆಧಾರ್ ಎಲ್ಲರ ಹತ್ತಿರ ಇರುತ್ತದೆ, ಆದರೆ ಅದು ಗುರುತಿನ ದಾಖಲೆ. ಹುಟ್ಟಿದ ತಾರೀಖಿನ ದಾಖಲೆ ಅಂತ ಅದನ್ನು ನೆಚ್ಚುವ ಹಾಗಿಲ್ಲ ಅನ್ನುವ ಮಾತು 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ, ಒಂದು ಅಪಘಾತ ಪರಿಹಾರದ ಕೇಸಿನಲ್ಲಿ ಬಂತು. ಶಾಲೆ ಬಿಟ್ಟ ಸರ್ಟಿಫಿಕೇಟೇ ಮೇಲು ಅಂತ ಕೋರ್ಟ್ ಹೇಳಿತು. ಆ ಸರ್ಟಿಫಿಕೇಟಿನ ಕಥೆ ನಮ್ಮ ಕಡೆಯವರಿಗೆ ಗೊತ್ತೇ ಇದೆ. ಒಂದನೇ ಕ್ಲಾಸಿಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಡುತ್ತಿದ್ದರು. ನಮ್ಮ ಹಿಂದಿನ ತಲೆಮಾರಿನವರಲ್ಲಿ ಎಷ್ಟೋ ಜನರ ಬರ್ತ್‌ಡೇ ಒಂದೇ ದಿನ. ಇವತ್ತಿನ ಮಕ್ಕಳಿಗೆ ಆಸ್ಪತ್ರೆಯ ದಾಖಲೆ ಇದೆ, ಆ ಚಿಂತೆ ಇಲ್ಲ. ಕೆಲವು ಹಳೆಯ ಆಧಾರ್ ಕಾರ್ಡುಗಳಲ್ಲಿ ಹುಟ್ಟಿದ ವರ್ಷ ಮಾತ್ರ ಇರುತ್ತದೆ. ಗಡಿಯಲ್ಲಿರುವ ವಯಸ್ಸಿನವರು ಅಂಥ ಕಾರ್ಡು ತೋರಿಸಿದರೆ ಬೇರೆ ದಾಖಲೆ ಕೇಳಿ.

ಆಧಾರ್ ತೋರಿಸುವವರಿಗೂ ಹೇಳುತ್ತೇನೆ. ಕಾರ್ಡಿನ ಮುಂದಿನ ಬದಿ ಸಾಕು. ವಿಳಾಸ ಹಿಂದೆ ಇರುತ್ತದೆ, ತಿರುಗಿಸಿ ತೋರಿಸುವ ಅಗತ್ಯ ಇಲ್ಲ. ನಂಬರಿನ ಮೊದಲ ಎಂಟು ಅಂಕಿ ಮುಚ್ಚಿದ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡಿಕೊಳ್ಳಬಹುದು. ಫೋನಿನಲ್ಲಿ ತೋರಿಸುವುದಾದರೆ ಗ್ಯಾಲರಿಯ ಫೋಟೋ ಬೇಡ. ಅದರಲ್ಲಿ ಒಂದು ಅಂಕಿ ತಿದ್ದುವುದು ಈಗಿನ ಮಕ್ಕಳಿಗೆ ಎರಡು ನಿಮಿಷದ ಕೆಲಸ, ಅದಕ್ಕೇ ನಮ್ಮವರು ಅದನ್ನು ಒಪ್ಪಬಾರದು. ಡಿಜಿಲಾಕರ್ ಆ್ಯಪ್ ಅವರ ಎದುರಿಗೇ ತೆರೆದು ಲೈಸೆನ್ಸ್ ತೋರಿಸಿ.

ಇನ್ನು ಫೋಟೋ ಹೊಡೆದುಕೊಳ್ಳುವುದು. ದಾಖಲೆಗೆ ಇರಲಿ, ನಾಳೆ ಎಕ್ಸೈಸ್‌ನವರು ಬಂದರೆ ತೋರಿಸಬಹುದು ಅಂತ ಗಿರಾಕಿಗಳ ಕಾರ್ಡನ್ನು ಸ್ಟಾಫಿನ ಫೋನಿನಲ್ಲಿ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುವ ಕಡೆಗಳಿವೆ. ಇದು ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸುವ ವಿಷಯ. ಒಬ್ಬಳೇ ಇರುವ ಹುಡುಗಿಯ ಹೆಸರು, ಫೋಟೋ, ಮನೆ ನಂಬರು, ಅವಳು ರಾತ್ರಿ ಎಷ್ಟು ಹೊತ್ತಿಗೆ ಎಲ್ಲಿದ್ದಳು ಅನ್ನುವುದು, ಎಲ್ಲವೂ ಹತ್ತು ಜನರ ಫೋನಿನಲ್ಲಿ. ಅವರಲ್ಲಿ ನಾಳೆ ಕೆಲಸ ಬಿಟ್ಟು ಹೋಗುವವರೂ ಇರುತ್ತಾರೆ, ಫೋನು ಅವರ ಜೊತೆಗೇ ಹೋಗುತ್ತದೆ. ಜನರ ಡಿಜಿಟಲ್ ವಿವರ ಕಾಪಾಡುವುದಕ್ಕೆ 2023ರಲ್ಲಿ ಕಾನೂನೇ ಬಂದಿದೆ. ಕಾನೂನು ಬಿಡಿ, ನಮ್ಮ ಮನೆ ಹೆಣ್ಣುಮಕ್ಕಳದ್ದಾಗಿದ್ದರೆ ಸುಮ್ನೆ ಇರುತ್ತಿದ್ದೆವಾ? ದಾಖಲೆ ಬೇಕೇ ಬೇಕು ಅಂದರೆ ಒಂದು ನೋಟ್‌ಬುಕ್ ಇಡಿ. ಟೇಬಲ್ ನಂಬರು, ಸಮಯ, "ಕಾರ್ಡು ನೋಡಿದೆ", ನೋಡಿದವನ ಸಹಿ. ಗಿರಾಕಿಯ ಹೆಸರೂ ಬೇಡ.

ಒಂದೇ ಟೇಬಲ್ಲಿನಲ್ಲಿ 26ರವನೂ 23ರವನೂ ಕೂತಾಗ ಏನು ಮಾಡಬೇಕು ಅಂತ ತರಬೇತಿಯಲ್ಲಿ ತುಂಬಾ ಜನ ಕೇಳುತ್ತಾರೆ. 23ರವನಿಗೆ ಮೈಲ್ಡ್ ಬಿಯರ್ ಕೊಡಿ, ಕ್ವಾರ್ಟರ್ ತಂದು ಟೇಬಲ್ ನಡುವೆ ಇಡಬೇಡಿ. ಪೆಗ್ ಲೆಕ್ಕದಲ್ಲಿ, ಯಾರಿಗೆ ಹೋಗಬೇಕೋ ಅವರ ಮುಂದೆ ಇಡಿ. ಆಮೇಲೆ ಅವರು ಗ್ಲಾಸ್ ಬದಲಾಯಿಸಿಕೊಂಡರೆ ಒಂದು ಸಲ ಹತ್ತಿರ ಹೋಗಿ ಮೆಲ್ಲಗೆ ಹೇಳಿ. ಕೇಳದಿದ್ದರೆ ಕ್ಯಾಪ್ಟನ್‌ಗೆ ಹೇಳಿ, ಜಗಳಕ್ಕೆ ನಿಲ್ಲಬೇಡಿ. ವೈನ್ ಶಾಪಿನವರ ಕಷ್ಟ ಬೇರೆ. ಜಾಲರಿಯ ಆಚೆಯಿಂದ ಕೈ ಚಾಚಿದವನ ಮುಖವೇ ಸರಿಯಾಗಿ ಕಾಣುವುದಿಲ್ಲ, ಹಿಂದೆ ಕ್ಯೂ ಒತ್ತುತ್ತಿರುತ್ತದೆ. 2020ರ ಲಾಕ್‌ಡೌನಿನಲ್ಲಿ ಮನೆಗೆ ತಲುಪಿಸುವುದಕ್ಕೂ ಅನುಮತಿ ಸಿಕ್ಕಿತು. ಬಾಗಿಲಲ್ಲಿ ನಿಂತು ವಯಸ್ಸು ಕೇಳುವ ಹೊಣೆ ಆಗ ಬೈಕಿನ ಹುಡುಗನ ತಲೆಗೆ ಬಂತು.

ಕೊನೆಯದಾಗಿ ಮುಂದಿನ ಸಾಲಿನಲ್ಲಿ ಕೂತಿರುವ ಅಣ್ಣಂದಿರಿಗೆ. ನೀವು ಒಬ್ಬರೇ ಇದನ್ನು ಮಾಡಿದರೆ ಗಿರಾಕಿ ಎದ್ದು ರಸ್ತೆ ದಾಟಿ ಎದುರಿನ ಬಾರಿಗೆ ಹೋಗುತ್ತಾನೆ. ಅದು ನನಗೆ ಗೊತ್ತು. ಅದಕ್ಕೇ ಈ ಮಾತನ್ನು ನಿಮ್ಮೆಲ್ಲರನ್ನೂ ಒಟ್ಟಿಗೆ ಕೂರಿಸಿಕೊಂಡು ಹೇಳುತ್ತಿದ್ದೇನೆ. 2025ರ ಜುಲೈ 14ರಂದು ತೆರಿಗೆ, ಲೈಸೆನ್ಸ್ ಫೀ ಏರಿಸಿದ್ದಕ್ಕೆ ರಾಜ್ಯದಲ್ಲಿ ಸಾವಿರಾರು ಬಾರುಗಳು ಒಂದೇ ದಿನ ಬಾಗಿಲು ಮುಚ್ಚಿದವು. ಅವತ್ತು ಎದುರಿನ ಬಾರಿನವನೂ ಮುಚ್ಚಿದ್ದ. ಹೊಟ್ಟೆಪಾಡಿನ ಪ್ರಶ್ನೆ ಬಂದಾಗ ಅಷ್ಟು ಒಗ್ಗಟ್ಟು ಸಾಧ್ಯ ಅಂದಮೇಲೆ, ಒಂದು ರಸ್ತೆಯ ಬಾರುಗಳೆಲ್ಲ ಸೇರಿ ಒಂದೇ ಬೋರ್ಡು ಬರೆಸುವುದು ದೊಡ್ಡ ಕೆಲಸವೇನಲ್ಲ. "35ಕ್ಕಿಂತ ಚಿಕ್ಕವರ ಹಾಗೆ ಕಾಣುವ ಎಲ್ಲರ ಹುಟ್ಟಿದ ತಾರೀಖು ನೋಡುತ್ತೇವೆ." ಮರಾಠಿ, ಹಿಂದಿ, ಇಂಗ್ಲಿಷಿನಲ್ಲಿ ಬರೆಸಿ, ಬಾಗಿಲ ಹೊರಗೇ ಹಾಕಿಸಿ. ಒಳಗೆ ಬರುವ ಮುಂಚೆಯೇ ಓದಿದವರಿಗೆ ಒಳಗೆ ಕೇಳಿದಾಗ ಅವಮಾನ ಆಗುವುದಿಲ್ಲ.

ಇನ್ನೊಂದು ಕೋರಿಕೆ. ನಿಮ್ಮ ಹುಡುಗ ಕಾರ್ಡು ಕೇಳಿದ್ದಕ್ಕೆ ಆರು ಜನರ ಟೇಬಲ್ ಎದ್ದು ಹೋಯಿತು ಅನ್ನಿ. ಅವನಿಗೆ ಟಿಪ್ಸ್ ಹೋಯಿತು, ನಿಮಗೆ ವ್ಯಾಪಾರ ಹೋಯಿತು. ಅವತ್ತು ರಾತ್ರಿ ಶಟರ್ ಎಳೆಯುವಾಗ ಆ ಟೇಬಲ್ಲಿನ ಮಾತನ್ನು ಅವನ ಹತ್ತಿರ ಸಿಟ್ಟಿನಿಂದ ಎತ್ತಿದಿರೋ, ಮರುದಿನದಿಂದ ಅವನು ಯಾರನ್ನೂ ಕೇಳುವುದಿಲ್ಲ. ಅದಕ್ಕೆ ಈ ವಾರವೇ ನಿಮ್ಮ ಸ್ಟಾಫನ್ನೆಲ್ಲ ಕೂರಿಸಿಕೊಂಡು, ಕೇಳಿದ್ದಕ್ಕೆ ಗಿರಾಕಿ ಹೋದರೆ ಆ ನಷ್ಟ ನನ್ನದು, ನಿಮ್ಮ ಸಂಬಳದಲ್ಲಿ ಒಂದು ರೂಪಾಯಿ ಕಡಿಯುವುದಿಲ್ಲ ಅಂತ ಎಲ್ಲರೆದುರು ಹೇಳಿಬಿಡಿ. ಹೋದ ಟಿಪ್ಸಿಗೆ ಬದಲು ಏನಾದರೂ ಕೊಡುವುದಾದರೆ ಅದನ್ನೂ ಅವತ್ತೇ ಹೇಳಿ. ಸ್ಲೇಟು, ಬೋರ್ಡು ಎಲ್ಲಿ ಮಾಡಿಸಬೇಕು, ಎಕ್ಸೈಸ್‌ನವರು ಬಂದಾಗ ನೋಟ್‌ಬುಕ್ ಹೇಗೆ ತೋರಿಸಬೇಕು ಅಂತ ಕೇಳುವವರು ಇಲ್ಲೇ ಇರಿ, ಚಹಾ ಕುಡಿಯುತ್ತಾ ಮಾತಾಡೋಣ.